ಸೂರು ಸಿಕ್ಕ ಮೇಲೆ ಶುರುವಾದ ಲೆಕ್ಕ

ಗೃಹಪ್ರವೇಶದ ದಿನ ಮನೆಯ ಯಜಮಾನನ ಮುಖ ನೋಡಬೇಕು. ಬಾಗಿಲಿಗೆ ಮಾವಿನ ತೋರಣ, ಹೋಮದ ಹೊಗೆಯೊಂದಿಗೆ ಬೆರೆತ ಹೊಸ ಪೇಂಟಿನ ಘಾಟು, ಒಲೆಯ ಮೇಲೆ ಉಕ್ಕುವ ಹಾಲು. ಬಂದ ನೆಂಟರೆಲ್ಲ ಕೋಣೆ ಕೋಣೆಗೂ ಇಣುಕಿ, ಅಟ್ಟದ ಆಳ, ಅಡುಗೆ ಕಟ್ಟೆಯ ಎತ್ತರ ಎಲ್ಲವನ್ನೂ ಪರೀಕ್ಷಿಸಿ, "ಅಂತೂ ಸ್ವಂತದ್ದಾಯಿತಲ್ಲ, ಗೆದ್ದಿರಿ ಬಿಡಿ" ಎಂದು ತಾಂಬೂಲ ತೆಗೆದುಕೊಂಡು ಹೊರಡುತ್ತಾರೆ.

ಆರು ತಿಂಗಳು ಬಿಟ್ಟು ಅದೇ ಮನೆಯಲ್ಲಿ ಕೂತು ಕಾಫಿ ಕುಡಿದರೆ ಕೇಳಿಬರುವ ಮಾತೇ ಬೇರೆ. ಟ್ಯಾಂಕರ್‌ನವನು ಫೋನ್ ಎತ್ತುತ್ತಿಲ್ಲ. ಬಚ್ಚಲಿನ ಗೋಡೆಯ ಆಚೆ ಬದಿ ತೇವ ಕಾಣಿಸಿದೆ. ಖಾತೆ ಇನ್ನೂ ಹೆಸರಿಗೆ ಬಂದಿಲ್ಲ. ಮಗಳು ಶಾಲೆಗೆ ಎರಡು ಬಸ್ಸು ಬದಲಿಸಬೇಕು. ಬಾಡಿಗೆ ಮನೆಯಲ್ಲಿದ್ದಾಗ ನಲ್ಲಿ ಕೆಟ್ಟರೆ ಓನರ್‌ಗೆ ಹೇಳಿದರೆ ಮುಗಿಯಿತು. ಈಗ ಓನರ್ ಎಲ್ಲಿ ಎಂದು ಹುಡುಕಿದರೆ ಕನ್ನಡಿಯಲ್ಲಿ ಕಾಣುವ ಮುಖ ತಮ್ಮದೇ! "ಇನ್ನೆರಡು ವರ್ಷ ತಾಳಿದ್ದರೆ ಚೆನ್ನಾಗಿತ್ತೇನೋ ರೀ" ಎಂದು ಹೆಂಡತಿ ಮೆಲ್ಲಗೆ ಹೇಳುತ್ತಾಳೆ. ಗಂಡ ಉತ್ತರಿಸುವುದಿಲ್ಲ. ಅವನ ಮನಸ್ಸಿನಲ್ಲೂ ಅದೇ ಇದೆ.

ಮೊದಲ ಮನೆ ಕೊಂಡವರ ಈ ಕೊರಗು ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಸ್ವಂತ ಮನೆ ಇಲ್ಲದವರ ಮುಂದೆ ಹೇಳಿಕೊಂಡರೆ ಜಂಭ ಎನಿಸುತ್ತದೆ, ಇರುವವರ ಮುಂದೆ ಹೇಳಿದರೆ ಸೋಲೊಪ್ಪಿಕೊಂಡಂತಾಗುತ್ತದೆ. ಹೀಗಾಗಿ ಒಬ್ಬರ ಅನುಭವ ಇನ್ನೊಬ್ಬರಿಗೆ ದಾಟುವುದೇ ಇಲ್ಲ. ಪ್ರತಿಯೊಂದು ಕುಟುಂಬವೂ ಮೊದಲಿನಿಂದ ಪಾಠ ಕಲಿಯುತ್ತದೆ, ಶುಲ್ಕ ಮಾತ್ರ ಲಕ್ಷಗಳಲ್ಲಿ.

ಅಂದು ಕೊನೆಗೆ, ಇಂದು ನಡುವೆ

ಹಿಂದಿನ ತಲೆಮಾರಿಗೆ ಈ ತೊಂದರೆ ಇಷ್ಟಿರಲಿಲ್ಲವೇಕೆ ಎಂದು ಕೇಳಬಹುದು. ಮನೆ ಕಟ್ಟುವ ಕಷ್ಟ ಅವರಿಗೇನು ಕಡಿಮೆ ಇರಲಿಲ್ಲ. "ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು" ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಗಾದೆಯಲ್ಲಿನ ಕ್ರಮವನ್ನು ಗಮನಿಸಿ: ಮದುವೆ ಮೊದಲು, ಮನೆ ಆಮೇಲೆ. ಸರ್ಕಾರಿ ಗುಮಾಸ್ತರು, ಮೇಷ್ಟ್ರು, ಕಾರ್ಖಾನೆಯ ನೌಕರರು ಬೆಂಗಳೂರಿನಲ್ಲಿ ನಿವೇಶನಕ್ಕೆ ಅರ್ಜಿ ಹಾಕಿ, ಸಿಗದೆ ಮತ್ತೆ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದರು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದ ಮೇಲೂ ಕಾಯುವುದು ತಪ್ಪಲಿಲ್ಲ. ಸೈಟು ಕೈಗೆ ಬಂದ ಮೇಲೂ ಕಟ್ಟಡ ಏಳುತ್ತಿದ್ದದ್ದು ಎಷ್ಟೋ ಮನೆಗಳಲ್ಲಿ ನಿವೃತ್ತಿಯ ಹೊತ್ತಿಗೆ, ಪಿಎಫ್ ಮತ್ತು ಗ್ರಾಚ್ಯುಟಿಯ ಹಣದಿಂದ. ಆ ಹೊತ್ತಿಗೆ ಮಕ್ಕಳ ಓದು ಮುಗಿದಿರುತ್ತಿತ್ತು. ಮನೆ ಚಿಕ್ಕದಾದರೂ ಸಾಲ ಕಡಿಮೆ.

ಸಾಲದ ದಾರಿ ತೆರೆದದ್ದು ನಿಧಾನವಾಗಿ. ಗೃಹಸಾಲಕ್ಕೆಂದೇ ಹುಟ್ಟಿದ ಎಚ್‌ಡಿಎಫ್‌ಸಿ ಸಂಸ್ಥೆ ಶುರುವಾದದ್ದು 1977ರಲ್ಲಿ. ರಾಷ್ಟ್ರೀಯ ಗೃಹ ಬ್ಯಾಂಕ್ 1988ರಲ್ಲಿ ಬಂತು, ಜೀವ ವಿಮಾ ನಿಗಮದ ಗೃಹಸಾಲ ಸಂಸ್ಥೆ 1989ರಲ್ಲಿ. ಆಮೇಲೆ ವಾಣಿಜ್ಯ ಬ್ಯಾಂಕುಗಳೂ ಪೈಪೋಟಿಗೆ ಇಳಿದವು. ಮೂವತ್ತು, ಮೂವತ್ತೈದರ ವಯಸ್ಸಿನಲ್ಲೇ ಇಪ್ಪತ್ತು ವರ್ಷದ ಸಾಲ ಸಿಗತೊಡಗಿತು. ಒಳ್ಳೆಯದೇ ಆಯಿತು. ಬಾಡಿಗೆ ಮನೆಯ ಅಲೆದಾಟದಲ್ಲಿ ಬಾಲ್ಯ ಕಳೆದವರಿಗೆ ಇದರ ಬೆಲೆ ಗೊತ್ತು. ಆದರೆ ಇದರ ಜೊತೆಗೇ ಒಂದು ಬದಲಾವಣೆ ಸದ್ದಿಲ್ಲದೆ ಆಗಿಹೋಯಿತು. ಸ್ವಂತ ಮನೆ ಎಂಬುದು ದುಡಿಮೆಯ ಕೊನೆಯಿಂದ ಎದ್ದು ಬಂದು, ಮಕ್ಕಳ ವಿದ್ಯಾಭ್ಯಾಸದ ನಟ್ಟನಡುವೆ ಕುಳಿತುಬಿಟ್ಟಿತು. ಮೊದಲ ಮನೆಯ ಕೊರಗುಗಳಲ್ಲಿ ಅನೇಕವನ್ನು ಹಿಡಿದೆಳೆದರೆ ಬೇರು ಇಲ್ಲಿಗೇ ಬರುತ್ತದೆ. ಮನೆಯ ಕಂತು ಮತ್ತು ಕಾಲೇಜಿನ ಫೀಸು ಒಂದೇ ತಿಂಗಳಲ್ಲಿ, ಒಂದೇ ಜೇಬಿಗೆ ಕೈ ಹಾಕುತ್ತವೆ.

ಎಂಟನೇ ತರಗತಿಯ ಗಣಿತ ಸಾಕು

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಇಬ್ಬರದೂ ಸೇರಿ ಕೈಗೆ ಬರುವುದು ತಿಂಗಳಿಗೆ 75,000 ರೂಪಾಯಿ. ಮಗ ಆರನೇ ತರಗತಿ. 60 ಲಕ್ಷದ ಮನೆಗೆ 40 ಲಕ್ಷ ಸಾಲ ಮಾಡುತ್ತಾರೆ, ಶೇ 8.5 ಬಡ್ಡಿ, 20 ವರ್ಷ. ತಿಂಗಳ ಕಂತು 34,713 ರೂಪಾಯಿ. ಸಂಬಳದ ಅರ್ಧಕ್ಕೆ ಸ್ವಲ್ಪ ಕಡಿಮೆ. ಉಳಿದ ನಲವತ್ತು ಸಾವಿರದಲ್ಲಿ ದಿನಸಿ, ಶಾಲೆ, ಪೆಟ್ರೋಲು, ಅಜ್ಜ ಅಜ್ಜಿಯ ಔಷಧಿ. ಕಷ್ಟವಾದರೂ ಸಾಗುತ್ತದೆ ಎನ್ನುವಂತಿದೆ.

ಈಗ ಮಗ ಪೆನ್ಸಿಲ್ ಹಿಡಿದು ಮೊದಲ ತಿಂಗಳ ಬಡ್ಡಿಯನ್ನು ಲೆಕ್ಕ ಹಾಕಲಿ. 40 ಲಕ್ಷಕ್ಕೆ ಶೇ 8.5ರಂತೆ ವರ್ಷಕ್ಕೆ 3,40,000. ಹನ್ನೆರಡರಿಂದ ಭಾಗಿಸಿದರೆ 28,333. ಅಂದರೆ ಕಟ್ಟಿದ 34,713 ರೂಪಾಯಿಯಲ್ಲಿ ಅಸಲಿಗೆ ಹೋದದ್ದು 6,380 ಮಾತ್ರ. ಮುಂದಿನ ತಿಂಗಳು ಅಸಲು ಅಷ್ಟು ಕಡಿಮೆಯಾಗಿರುವುದರಿಂದ ಬಡ್ಡಿಯೂ ಒಂದಿಷ್ಟು ಇಳಿಯುತ್ತದೆ. ಇಳಿಯುವುದು ಸುಮಾರು 45 ರೂಪಾಯಿ! ಹೀಗೇ ಬಸವನಹುಳುವಿನಂತೆ ತೆವಳಿ ಆರು ವರ್ಷ ಕಳೆಯುತ್ತದೆ. ಹುಡುಗ ಸೆಕೆಂಡ್ ಪಿಯು ಮುಗಿಸಿ ಸಿಇಟಿ ಬರೆಯುವ ಕಾಲ. ಅಷ್ಟು ಹೊತ್ತಿಗೆ ಬ್ಯಾಂಕಿಗೆ ಸಂದಾಯವಾದದ್ದು ಸುಮಾರು 25 ಲಕ್ಷ, ಸಾಲದಲ್ಲಿ ಇಳಿದದ್ದು ಸುಮಾರು 6 ಲಕ್ಷ. ಬಾಕಿ ಇನ್ನೂ 34 ಲಕ್ಷ!

ಕಾಲೇಜು ಸೀಟಿನ ಮಾತು ಬಂದಾಗ ಅಪ್ಪ ಪಾಸ್‌ಪುಸ್ತಕ ತೆಗೆದು ನೋಡಿ ಗಾಬರಿಯಾಗುವುದು ಇಲ್ಲಿಯೇ. ಇದರಲ್ಲಿ ಬ್ಯಾಂಕಿನ ಮೋಸವೇನೂ ಇಲ್ಲ. ಸಮಾನ ಕಂತಿನ ಸಾಲ ಇರುವುದೇ ಹಾಗೆ. ಮೊದಲ ವರ್ಷಗಳಲ್ಲಿ ಬಡ್ಡಿ, ಕೊನೆಯ ವರ್ಷಗಳಲ್ಲಿ ಅಸಲು. ಸಾಲ ಮಂಜೂರಾಗುವಾಗ ಕಂತು ಎಷ್ಟು ಎಂದು ಕೇಳದವರಿಲ್ಲ. ಆರನೇ ವರ್ಷದ ಕೊನೆಗೆ ಬಾಕಿ ಎಷ್ಟಿರುತ್ತದೆ ಎಂದು ಕೇಳುವವರು ಅಪರೂಪ. ಇಡೀ ಇಪ್ಪತ್ತು ವರ್ಷದ ಪಟ್ಟಿಯನ್ನು ಬ್ಯಾಂಕು ಕೇಳಿದರೆ ಕೊಡುತ್ತದೆ. ಮಕ್ಕಳ ತರಗತಿಗಳನ್ನು ಆ ಪಟ್ಟಿಯ ಪಕ್ಕದಲ್ಲಿ ಬರೆದುಕೊಂಡು ನೋಡಬೇಕು, ಎಸ್ಸೆಸ್ಸೆಲ್ಸಿ ಯಾವ ಸಾಲಿನಲ್ಲಿ, ಸಿಇಟಿ ಯಾವ ಸಾಲಿನಲ್ಲಿ ಎಂದು. ಜಾತಕ ತೋರಿಸುವ ಮುನ್ನ ನೋಡಬೇಕಾದ ಜಾತಕ ಇದು.

ಬಡ್ಡಿ ಏರಿದರೆ ಕಥೆ ಇನ್ನೊಂದು. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಬದಲಾಗುವ ಬಡ್ಡಿಯ ಗೃಹಸಾಲಗಳನ್ನು ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಹಾಕಲಾಗಿದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತು. 2021ರಲ್ಲಿ ಶೇ 6.75ರ ಬಡ್ಡಿಗೆ 40 ಲಕ್ಷ ಪಡೆದವರ ಕಂತು 30,415 ರೂಪಾಯಿ. ಒಂದು ವರ್ಷ ತಪ್ಪದೆ ಕಟ್ಟಿದ ಮೇಲೆ ಬಡ್ಡಿ ಶೇ 9.25ಕ್ಕೆ ಹೋಯಿತೆನ್ನಿ. ಬಾಕಿ ಉಳಿದ 39 ಲಕ್ಷಕ್ಕೆ ತಿಂಗಳ ಬಡ್ಡಿಯೇ 30,078 ಆಗುತ್ತದೆ. ಕಂತು ಅಷ್ಟೇ ಇರಲಿ ಎಂದು ಬಿಟ್ಟರೆ ತಿಂಗಳಿಗೆ ಅಸಲಿಗೆ ಹೋಗುವುದು 330 ರೂಪಾಯಿ ಚಿಲ್ಲರೆ. ಆ ಲೆಕ್ಕದಲ್ಲಿ ಸಾಲ ತೀರಲು ಸುಮಾರು 49 ವರ್ಷ ಬೇಕು!

ವಾಸ್ತವದಲ್ಲಿ ಅಷ್ಟು ದೂರ ಹೋಗಲು ಬ್ಯಾಂಕು ಬಿಡುವುದಿಲ್ಲ, ನಡುವೆ ಕಂತು ಏರಿಸುತ್ತದೆ. ಆದರೆ ಎಷ್ಟೋ ಜನರಿಗೆ ಅವಧಿ ಬೆಳೆದದ್ದು ತಿಳಿದದ್ದೇ ತಡವಾಗಿ. ಕಂತು ಬದಲಾಗದ ಕಾರಣ ಏನೂ ಆಗಿಲ್ಲವೆಂದೇ ಭಾವಿಸಿದ್ದರು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸೂಚನೆಯ ಪ್ರಕಾರ ಕಂತು ಹೆಚ್ಚಿಸುವುದೋ, ಅವಧಿ ಬೆಳೆಸುವುದೋ, ಎರಡೂ ಸ್ವಲ್ಪ ಸ್ವಲ್ಪವೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕು. ದರ ಇಳಿದಾಗಲೂ ಎಚ್ಚರ ಬೇಕು. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ ನಾಲ್ಕು ಸಲ ಇಳಿದು ಶೇ 5.25ಕ್ಕೆ ಬಂತು. ಆದರೆ 2019ಕ್ಕಿಂತ ಹಿಂದಿನ ಪದ್ಧತಿಯಲ್ಲೇ ಉಳಿದ ಸಾಲಗಳಿಗೆ ಈ ಇಳಿಕೆ ನೇರವಾಗಿ ತಲುಪುವುದಿಲ್ಲ. ಶಾಖೆಗೆ ಹೋಗಿ, ಹೊಸ ಪದ್ಧತಿಗೆ ಬದಲಿಸಿ ಎಂದು ಅರ್ಜಿ ಕೊಡಬೇಕು. ಅಲ್ಲಿ ಬಾಯಿದ್ದವನೇ ಬದುಕುತ್ತಾನೆ.

ಸಮಾಧಾನದ ಸಂಗತಿಯೂ ಒಂದಿದೆ. ವ್ಯಕ್ತಿಗಳು ಮನೆಗಾಗಿ ಪಡೆದ ಬದಲಾಗುವ ಬಡ್ಡಿಯ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ. ಮೊದಲಿನ 40 ಲಕ್ಷದ ಲೆಕ್ಕದಲ್ಲೇ, ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟುತ್ತ ಬಂದರೆ ಇಪ್ಪತ್ತು ವರ್ಷದ ಸಾಲ ಮೂರು ವರ್ಷಕ್ಕೂ ಮೊದಲೇ ಮುಗಿಯುತ್ತದೆ. ಬೋನಸ್ ಬಂದಾಗ ದೊಡ್ಡ ಟಿವಿಯೋ ಹೆಚ್ಚಿನ ಕಂತೋ ಎಂಬ ಚರ್ಚೆ ಮನೆಯಲ್ಲಿ ನಡೆಯಲಿ, ಮಕ್ಕಳೂ ಮತ ಹಾಕಲಿ.

ಅಡ್ವಾನ್ಸ್ ಕೊಟ್ಟ ಮೇಲೆ ಹೇಳುವ ಖರ್ಚುಗಳು

ಹೇಳಿದ ಬೆಲೆಗೆ ಮನೆ ಸಿಕ್ಕಿತು ಎನ್ನುವವರು ಇಲ್ಲವೇ ಇಲ್ಲ. 60 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ 80 ಕೊಟ್ಟೀತು. ಉಳಿದದ್ದನ್ನು ಕೈಯಿಂದಲೇ ಹಾಕಬೇಕು. ನೋಂದಣಿಯ ಖರ್ಚನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಕರ್ನಾಟಕದಲ್ಲಿ ಈ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು ಮತ್ತು ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ನಗರದಲ್ಲಿ ಎಲ್ಲ ಕೂಡಿದರೆ ಶೇ 7.6, ಅಂದರೆ 4 ಲಕ್ಷ 56 ಸಾವಿರ. ಕಟ್ಟುತ್ತಿರುವ ಫ್ಲ್ಯಾಟಾದರೆ ಜಿಎಸ್‌ಟಿ ಬೇರೆ. ಜೊತೆಗೆ ಪಾರ್ಕಿಂಗು, ವಿದ್ಯುತ್ ಮತ್ತು ನೀರಿನ ಠೇವಣಿ, ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಫೀಸು. ಬೀಗದ ಕೈ ಸಿಕ್ಕ ಮೇಲೆ ಕಿಟಕಿಗೆ ಗ್ರಿಲ್ಲು, ಅಡುಗೆಮನೆಗೆ ಕಪಾಟು, ಕೊನೆಗೆ ಬಟ್ಟೆ ಒಣಹಾಕುವ ತಂತಿ ಕೂಡ. ಪಿಎಫ್, ಅಮ್ಮನ ಬಳೆ, ಊರಿನ ಅರ್ಧ ಎಕರೆ ಎಲ್ಲ ಕರಗಿ, ಮಗಳ ಕಾಲೇಜಿಗೆಂದು ಇಟ್ಟಿದ್ದ ಆರ್‌ಡಿಯೂ ಅದೇ ದಾರಿ ಹಿಡಿಯುವುದು ಇಲ್ಲಿಯೇ. "ಆಮೇಲೆ ಮತ್ತೆ ಸೇರಿಸಿದರಾಯಿತು" ಎನ್ನುತ್ತಾರೆ. ಕಂತು ಶುರುವಾದ ಮೇಲೆ ಆ 'ಆಮೇಲೆ' ಬರುವುದಿಲ್ಲ.

ಅಳತೆಯ ಗೊಂದಲ ಇನ್ನೊಂದು. 1,200 ಚದರ ಅಡಿ ಎಂದು ಹೇಳಿ ಮಾರುವ ಫ್ಲ್ಯಾಟಿನಲ್ಲಿ ಮೆಟ್ಟಿಲು, ಲಿಫ್ಟು, ಓಣಿಗಳ ಪಾಲೂ ಸೇರಿರುತ್ತದೆ. ಗೋಡೆಗಳ ಒಳಗೆ ಓಡಾಡಲು ಸಿಗುವುದು 850, 900 ಅಡಿ ಇದ್ದರೆ ಆಶ್ಚರ್ಯವಿಲ್ಲ. ಮಗನ ಓದಿನ ಮೇಜಿಗೆ ಜಾಗ ಸಾಲುವುದಿಲ್ಲ ಎಂದು ಗೊತ್ತಾಗುವುದು ಮೇಜು ತಂದಿಳಿಸಿದ ದಿನ. 2016ರ ರಿಯಲ್ ಎಸ್ಟೇಟ್ ಕಾಯ್ದೆ ಕಾರ್ಪೆಟ್ ಏರಿಯಾವನ್ನೇ ಸ್ಪಷ್ಟವಾಗಿ ಹೇಳಬೇಕೆನ್ನುತ್ತದೆ. ಬೆಲೆಯ ಒಟ್ಟು ಮೊತ್ತದ ಶೇ 10ಕ್ಕಿಂತ ಹೆಚ್ಚು ಹಣವನ್ನು, ಮಾರಾಟದ ಕರಾರನ್ನು ನೋಂದಾಯಿಸದೆ ಪಡೆಯುವಂತಿಲ್ಲ ಎನ್ನುತ್ತದೆ. ಖರೀದಿದಾರರಿಂದ ಬಂದ ಹಣದಲ್ಲಿ ಶೇ 70ನ್ನು ಆ ಯೋಜನೆಗೇ ಮೀಸಲಾದ ಖಾತೆಯಲ್ಲಿ ಇಡಬೇಕು. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಮೇತ ಹಣ ವಾಪಸು ಕೇಳಬಹುದು, ಅಥವಾ ಕಾಯುವುದಾದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ರೇರಾದಲ್ಲಿ ಆದೇಶ ಸಿಗುವುದು ಒಂದು, ಹಣ ಕೈ ಸೇರುವುದು ಇನ್ನೊಂದು. ಮನೆ ಕೈಗೆ ಬರುವ ತನಕ ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಬ್ಯಾಂಕು ಬಿಡುಗಡೆ ಮಾಡಿದಷ್ಟು ಹಣಕ್ಕೆ ಬಡ್ಡಿ. ಈ ಎರಡು ದೋಣಿಯ ಪಯಣದಲ್ಲಿ ಬಳಲಿದವರು ಬೆಂಗಳೂರಿನ ಸುತ್ತ ಬೇಕಾದಷ್ಟು ಸಿಗುತ್ತಾರೆ.

'ಬ್ಯಾಂಕು ಸಾಲ ಕೊಟ್ಟಿದೆಯಲ್ಲ?'

ಕಾಗದ ಪತ್ರದ ವಿಷಯದಲ್ಲಿ ಓದಿದವರೂ ಓದದವರಂತೆ ನಡೆದುಕೊಳ್ಳುತ್ತಾರೆ. ಎಂಜಿನಿಯರಿಂಗ್ ಪುಸ್ತಕಗಳನ್ನು ಅರೆದು ಕುಡಿದವರು ಕ್ರಯಪತ್ರದ ಎರಡನೇ ಪುಟ ತಿರುಗಿಸುವುದಿಲ್ಲ. "ಪಕ್ಕದವರೆಲ್ಲ ತಗೊಂಡಿದ್ದಾರೆ", "ಬ್ಯಾಂಕು ಸಾಲ ಕೊಟ್ಟಿದೆ ಅಂದ ಮೇಲೆ ಸರಿಯಾಗೇ ಇರುತ್ತೆ" ಎಂಬ ಎರಡು ಮಾತಿನ ಮೇಲೆ ಇಡೀ ಜೀವಮಾನದ ಸಂಪಾದನೆ ನಿಲ್ಲುತ್ತದೆ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣ ಸುರಕ್ಷಿತವೇ ಎಂದು. ನಾಳೆ ಹಕ್ಕಿನ ಬಗ್ಗೆ ತಕರಾರು ಎದ್ದರೂ ಕಂತು ಕಟ್ಟುವುದು ತಪ್ಪುವುದಿಲ್ಲ.

ಖಾತೆಯ ಬಗ್ಗೆಯಂತೂ ಎಲ್ಲರಿಗೂ ತಪ್ಪು ಕಲ್ಪನೆ. ಖಾತೆ ಎಂದರೆ ತೆರಿಗೆ ಯಾರಿಂದ ವಸೂಲು ಮಾಡಬೇಕೆಂಬ ದಾಖಲೆ. ಅದು ಮಾಲೀಕತ್ವದ ಪತ್ರವಲ್ಲ. ಮಾಲೀಕತ್ವ ಬರುವುದು ನೋಂದಾಯಿತ ಕ್ರಯಪತ್ರದಿಂದ, ಅದರ ಹಿಂದಿನ ಮೂಲಪತ್ರಗಳ ಸರಪಳಿಯಿಂದ. ಬೆಂಗಳೂರಿನ 'ಬಿ ಖಾತೆ' ಎಂಬುದು ನಿಯಮಕ್ಕೆ ಸರಿಹೊಂದದ ಆಸ್ತಿಗಳಿಂದಲೂ ತೆರಿಗೆ ಪಡೆಯಲು ಹುಟ್ಟಿಕೊಂಡ ಪ್ರತ್ಯೇಕ ವಹಿ. ಅಗ್ಗ ಎಂದು ಅಂಥ ಮನೆ ಕೊಂಡವರಿಗೆ ಅನೇಕ ಬ್ಯಾಂಕುಗಳ ಬಾಗಿಲು ಮುಚ್ಚಿರುತ್ತದೆ, ಮಾರುವಾಗಲೂ ಬೆಲೆ ಕಡಿಮೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ ಬೇಕೇ ಬೇಕಾದ್ದರಿಂದ, ಎಷ್ಟೋ ಜನ ತಮ್ಮ ಖಾತೆಯಲ್ಲಿ ಏನಿದೆ ಎಂದು ಮೊದಲ ಬಾರಿಗೆ ಕಣ್ಣಿಟ್ಟು ನೋಡಿದರು.

ರೆವಿನ್ಯೂ ಸೈಟುಗಳದ್ದು ಹಳೆಯ ಗೋಳು. ಕೃಷಿ ಭೂಮಿಯನ್ನು ಪರಿವರ್ತಿಸದೆ, ವಿನ್ಯಾಸ ನಕ್ಷೆಗೆ ಅನುಮೋದನೆ ಪಡೆಯದೆ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು ಮಾರಿದ ಸೈಟುಗಳಿವು. 'ಮುಂದೆ ಸಕ್ರಮ ಆಗುತ್ತೆ' ಎಂಬ ಭರವಸೆ ಮಾರಾಟದ ಜೊತೆಗೆ ಉಚಿತ. ಅಕ್ರಮ-ಸಕ್ರಮದ ನಿಯಮಗಳು 2014ರಲ್ಲಿ ಬಂದವು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅದನ್ನು ನಂಬಿ ಕೂತವರ ಮಕ್ಕಳು ಅಷ್ಟರಲ್ಲಿ ಕಾಲೇಜು ಸೇರಿದರು. ಜಿಪಿಎ ಮೇಲೆ ಸೈಟು ಕೊಂಡವರಿಗೆ 2011ರಲ್ಲೇ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತ್ತು, ಅಧಿಕಾರ ಪತ್ರದಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು. ಆದರೂ ಅಂಥ ವ್ಯವಹಾರ ನಿಲ್ಲಲಿಲ್ಲ.

ಒಸಿ ಎಂದು ಕರೆಯುವ ಸ್ವಾಧೀನಾನುಭವ ಪತ್ರವೂ ಇಂಥದ್ದೇ. ಮಂಜೂರಾದ ನಕ್ಷೆಯಂತೆ ಕಟ್ಟಡ ಎದ್ದಿದೆ, ವಾಸಕ್ಕೆ ಯೋಗ್ಯ ಎಂದು ಹೇಳುವ ಪತ್ರ ಅದು. ಮೂರು ಮಹಡಿಗೆ ಅನುಮತಿ ಪಡೆದು ಐದು ಎಬ್ಬಿಸಿದ ಕಟ್ಟಡಕ್ಕೆ ಇದು ಸಿಗುವುದಾದರೂ ಹೇಗೆ? 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಈ ಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಹೇಳಿತು. ಅದರ ಬಿಸಿ 2025ರಲ್ಲಿ ರಾಜ್ಯದ ಮನೆ ಕಟ್ಟುವವರಿಗೆ ಮುಟ್ಟಿತು. ಮನೆ ಸಿದ್ಧ, ಸಾಲದ ಕಂತು ಶುರು, ಕರೆಂಟಿಲ್ಲ! ಕೊನೆಗೆ 1,200 ಚದರ ಅಡಿಯೊಳಗಿನ ನಿವೇಶನದ ಸಣ್ಣ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಡಬೇಕಾಯಿತು.

ಇಷ್ಟೆಲ್ಲ ಓದಿ ಹೆದರಬೇಕಿಲ್ಲ. ಬ್ಯಾಂಕಿನವರಲ್ಲದ, ಮಾರುವವರ ಕಡೆಯವರೂ ಅಲ್ಲದ ಒಬ್ಬ ವಕೀಲರಿಗೆ ಪತ್ರಗಳನ್ನು ತೋರಿಸಿ, ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿದರೆ ತೊಡಕುಗಳಲ್ಲಿ ಬಹುಪಾಲು ಮೊದಲೇ ಗೊತ್ತಾಗುತ್ತವೆ. ಇದಕ್ಕೆ ಆಗುವ ಖರ್ಚು ಗೃಹಪ್ರವೇಶದ ಊಟದ ಖರ್ಚಿಗಿಂತ ಕಡಿಮೆ. ಆದರೆ ಇದನ್ನು ಮಾಡಬೇಕಾದದ್ದು ಅಡ್ವಾನ್ಸ್ ಕೊಡುವ ಮುಂಚೆ. ಕೊಟ್ಟ ಮೇಲೆ ವಕೀಲರು ಏನು ಹೇಳಿದರೂ ಮನಸ್ಸು ಒಪ್ಪುವುದಿಲ್ಲ.

ಮೇಸ್ತ್ರಿ, ಮಳೆ ಮತ್ತು ಬಚ್ಚಲು

ಸೈಟಿದ್ದು ತಾವೇ ಕಟ್ಟಿಸುವವರ ಪಾಡು ಬೇರೆ. ಇಲ್ಲಿ ಲೆಕ್ಕ ಚದರದಲ್ಲಿ. ನೂರು ಅಡಿಗೆ ಒಂದು ಚದರ. ಹತ್ತು ಚದರದ ಮನೆ ಎಂದು ಹೊರಟದ್ದು, ಪೋರ್ಟಿಕೊ, ಮೆಟ್ಟಿಲು, ಮೇಲೊಂದು ಕೋಣೆ ಎಂದು ಬೆಳೆದು ಹದಿಮೂರಕ್ಕೆ ನಿಲ್ಲುತ್ತದೆ. ಸಜ್ಜಾ, ಸಂಪು, ಕಾಂಪೌಂಡು ಚದರದ ಲೆಕ್ಕದಲ್ಲಿ ಸೇರಿದೆಯೇ ಎಂಬುದನ್ನು ಬಾಯಿಮಾತಿಗೆ ಬಿಟ್ಟವರು ಕೊನೆಗೆ ಜಗಳವಾಡುತ್ತಾರೆ. ಮೇಸ್ತ್ರಿಯೊಂದಿಗೆ ಎರಡು ಪುಟದ ಕರಾರು ಬರೆದುಕೊಂಡರೆ ಸ್ನೇಹವೇನೂ ಕೆಡುವುದಿಲ್ಲ, ಉಳಿಯುತ್ತದೆ.

ಮೋಲ್ಡ್ ಹಾಕಿದ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು, ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹೊಡೆಯುವುದು, ಇವು ಹೇಳಲು ಸಣ್ಣ ಕೆಲಸ. ಶಾಲೆಗೆ ಹೋಗುವ ಮುನ್ನ ಪೈಪು ಹಿಡಿದು ಗೋಡೆ ನೆನೆಸಿದ ಮಕ್ಕಳಿಗೆ ಆ ಮನೆಯ ಬಗ್ಗೆ ಇರುವ ಪ್ರೀತಿಯೇ ಬೇರೆ. ನೀರು ಸಾಲದ ಕಾಂಕ್ರೀಟು ಮುಂದೆ ಬಿರುಕಿನ ರೂಪದಲ್ಲಿ ಮಾತಾಡುತ್ತದೆ. ಬಚ್ಚಲಿಗೆ ಟೈಲ್ಸ್ ಹಾಕುವ ಮೊದಲು ನೆಲದ ಮೇಲೆ ಎರಡು ದಿನ ನೀರು ನಿಲ್ಲಿಸಿ, ಕೆಳಗೆ ಜಿನುಗುತ್ತದೆಯೇ ಎಂದು ನೋಡದೆ ಅವಸರ ಮಾಡಿದವರು, ವಾಸಕ್ಕೆ ಬಂದ ಮೊದಲ ವರ್ಷವೇ ಟೈಲ್ಸ್ ಒಡೆಸುತ್ತಾರೆ. ಬಿಲ್ಡರಿಂದ ಕೊಂಡ ಮನೆಯಾದರೆ, ಕೈಗೆ ಬಂದ ಐದು ವರ್ಷದೊಳಗೆ ಕಂಡ ಕಟ್ಟಡದ ದೋಷವನ್ನು, ತಿಳಿಸಿದ ಮೂವತ್ತು ದಿನದಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು ಎಂಬುದು ಅದೇ 2016ರ ಕಾಯ್ದೆಯ ಮಾತು. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಫೋಟೊ ಸಮೇತ ಬರೆದು ಕಳಿಸಬೇಕು.

ದೂರದ ಮನೆ, ಹಳೆಯ ಶಾಲೆ

ಕೈಗೆಟುಕುವ ಬೆಲೆಯ ಮನೆ ಸಿಗುವುದು ಊರಾಚೆ. ವಿಜಯನಗರದಲ್ಲೋ ಬಸವನಗುಡಿಯಲ್ಲೋ ಬಾಡಿಗೆಗಿದ್ದ ಕುಟುಂಬ ಮಾಗಡಿ ರಸ್ತೆಯ ಕೊನೆಗೋ ಹೆಸರಘಟ್ಟದ ಕಡೆಗೋ ಹೊರಡುತ್ತದೆ. ಭಾನುವಾರ ಬೆಳಿಗ್ಗೆ ಸೈಟು ನೋಡಲು ಹೋದಾಗ ನಲವತ್ತು ನಿಮಿಷದ ದಾರಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅದೇ ದಾರಿ ಎಷ್ಟು ಹೊತ್ತು ಎಂದು ಕೊಳ್ಳುವ ಮುನ್ನ ಪರೀಕ್ಷಿಸುವವರು ವಿರಳ. ಅದಕ್ಕಿಂತ ಮುಖ್ಯವಾಗಿ, ಮಕ್ಕಳನ್ನು ಕೂರಿಸಿಕೊಂಡು ಪರೀಕ್ಷಿಸುವವರು ಇನ್ನೂ ವಿರಳ.

ಇಲ್ಲಿ ಎರಡು ದಾರಿ, ಎರಡಕ್ಕೂ ಮುಳ್ಳು. ಹಳೆಯ ಶಾಲೆಯಲ್ಲೇ ಮುಂದುವರಿಸಿದರೆ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ. ಒಂಬತ್ತನೇ ತರಗತಿಯ ಹುಡುಗಿ ಸಂಜೆ ಆರೂವರೆಗೆ ಮನೆ ಸೇರಿ, ಊಟ ಮಾಡಿ ಪುಸ್ತಕ ತೆರೆದರೆ ಕಣ್ಣು ಮುಚ್ಚುತ್ತದೆ. ಹೊಸ ಶಾಲೆಗೆ ಸೇರಿಸಿದರೆ ಡೊನೇಶನ್ನು ಮತ್ತೆ ಕಟ್ಟಬೇಕು. ಗೆಳತಿಯರು ಹೊಸಬರು, ಕೆಲವೊಮ್ಮೆ ಸಿಲಬಸ್ಸೂ ಬೇರೆ. ಎಸ್ಸೆಸ್ಸೆಲ್ಸಿಗೆ ಒಂದು ವರ್ಷ ಇರುವಾಗ ಮನೆ ಬದಲಿಸಿ, ಆಮೇಲೆ ಅಂಕಪಟ್ಟಿ ನೋಡಿ ಮಕ್ಕಳನ್ನು ಬೈಯುವ ತಂದೆ ತಾಯಿ ಇದ್ದಾರೆ. ಅದು ನ್ಯಾಯವಲ್ಲ.

'ಮೆಟ್ರೊ ಬಂದುಬಿಡುತ್ತೆ' ಎಂಬ ಮಾತನ್ನು ನಂಬಿ ಕೊಂಡವರದ್ದೂ ಒಂದು ದೊಡ್ಡ ಪಂಗಡ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗವನ್ನು ನಂಬಿ ಹೊಸೂರು ರಸ್ತೆಯ ಆಸುಪಾಸು ಮನೆ ಮಾಡಿದವರು ಅದರಲ್ಲಿ ಹತ್ತಿ ಕೂತದ್ದು 2025ರ ಆಗಸ್ಟ್‌ನಲ್ಲಿ. ಬಂತೇನೋ ನಿಜ. ಆದರೆ ರೈಲು ತಡವಾದಷ್ಟೂ ಮಗುವಿನ ತರಗತಿಗಳು ಕಾಯುತ್ತ ನಿಲ್ಲುವುದಿಲ್ಲ.

ನೀರಿನ ಕಥೆಯೂ ಹಾಗೆಯೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಬೋರ್‌ವೆಲ್‌ಗಳು ಒಣಗಿ, ಟ್ಯಾಂಕರ್ ದರ ಮನಬಂದಂತೆ ಏರಿದಾಗ ಜಿಲ್ಲಾಡಳಿತವೇ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ ಶುರುವಾಯಿತು. ಮನೆ ನೋಡಲು ಹೋಗುವವರು ಮಳೆಗಾಲದಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಹೋಗಿ, ಅಲ್ಲಿ ಈಗಾಗಲೇ ಇರುವ ಗೃಹಿಣಿಯನ್ನು ಕೇಳಿದರೆ ಸತ್ಯ ಸಿಗುತ್ತದೆ. ಮಾರುವವರನ್ನು ಕೇಳಿದರೆ ನೀರು ಯಾವಾಗಲೂ 'ಸಮೃದ್ಧ'.

ಹಾಗಾದರೆ ಮಕ್ಕಳು ಓದುವ ಕಾಲದಲ್ಲಿ ಮನೆಯ ಯೋಚನೆಯನ್ನೇ ಬಿಡಬೇಕೇ? ಅದೂ ಸರಿಯಲ್ಲ. ಬಾಡಿಗೆಯೂ ಏರುತ್ತದೆ, ಸೈಟಿನ ಬೆಲೆಯೂ ಏರುತ್ತದೆ. ಓನರ್ ಖಾಲಿ ಮಾಡಿ ಎಂದ ದಿನ ಪರೀಕ್ಷೆಯ ಹಿಂದಿನ ವಾರವೂ ಆಗಿರಬಹುದು. ಕೆಲವರು ಒಂದು ಉಪಾಯ ಮಾಡಿದ್ದಾರೆ. ದೂರದಲ್ಲಿ ಕೊಂಡ ಮನೆಯನ್ನು ಬಾಡಿಗೆಗೆ ಕೊಟ್ಟು, ತಾವು ಮಕ್ಕಳ ಶಾಲೆಯ ಹತ್ತಿರದ ಚಿಕ್ಕ ಬಾಡಿಗೆ ಮನೆಯಲ್ಲೇ ಉಳಿಯುತ್ತಾರೆ. ನೆಂಟರು ನಗುತ್ತಾರೆ, "ಸ್ವಂತ ಮನೆ ಇಟ್ಟುಕೊಂಡು ಬಾಡಿಗೆ ಮನೆಯೇ?" ಎಂದು. ನಗಲಿ. ಇನ್ನು ಕೆಲವರು 40 ಲಕ್ಷ ಸಿಗುತ್ತಿದ್ದರೂ 28 ಲಕ್ಷವನ್ನೇ ತೆಗೆದುಕೊಂಡು, ಒಂದು ಕೋಣೆ ಕಡಿಮೆ ಇರುವ ಮನೆಗೆ ಒಪ್ಪಿಕೊಂಡವರು. ಬ್ಯಾಂಕು ಎಷ್ಟು ಕೊಡುತ್ತದೆ ಎಂಬುದು ಬ್ಯಾಂಕಿನ ಲೆಕ್ಕ. ಸಿಇಟಿ ವರ್ಷದಲ್ಲೂ ಕಟ್ಟಲು ಸಾಧ್ಯವಾಗುವುದೆಷ್ಟು ಎಂಬುದು ಮನೆಯ ಲೆಕ್ಕ.

ಈಗಷ್ಟೇ ಕೆಲಸಕ್ಕೆ ಸೇರಿದ ಮಕ್ಕಳ ತಂದೆ ತಾಯಿಗೂ ಒಂದು ಮಾತು. ಇಪ್ಪತ್ನಾಲ್ಕರ ಹುಡುಗನಿಗೆ ಮೊದಲ ಸಂಬಳ ಬಂದ ಕೂಡಲೇ "ಒಂದು ಫ್ಲ್ಯಾಟ್ ಹಾಕಿಬಿಡು" ಎಂಬ ಒತ್ತಾಯ ಶುರುವಾಗುತ್ತದೆ. ಶಿಕ್ಷಣ ಸಾಲದ ಕಂತು ಇನ್ನೂ ಓಡುತ್ತಿರುತ್ತದೆ. ಅದರ ಮೇಲೆ ಇಪ್ಪತ್ತು ವರ್ಷದ ಕಂತು ಹೊತ್ತ ಹುಡುಗ, ಮುಂದೆ ಓದಬೇಕೆಂದರೂ, ಊರು ಬದಲಿಸಬೇಕೆಂದರೂ, ಹಿಡಿಸದ ಕೆಲಸ ಬಿಡಬೇಕೆಂದರೂ ಮೊದಲು ಬ್ಯಾಂಕಿನ ಮುಖ ನೋಡಬೇಕು. ಅಪ್ಪನಿಗೆ ಐವತ್ತೆಂಟರಲ್ಲಿ ಸಿಕ್ಕ ನೆಮ್ಮದಿಯನ್ನು ಮಗನಿಗೆ ಇಪ್ಪತ್ತೆಂಟರಲ್ಲೇ ಕೊಡಿಸುವ ಆಸೆ ಪ್ರೀತಿಯಿಂದಲೇ ಹುಟ್ಟಿದ್ದು. ಬೆಲೆ ತೆರುವವನು ಮಾತ್ರ ಮಗ.

ಸಾಲ ತೀರಿದ ದಿನವೂ ಒಂದು ಕೆಲಸ ಉಳಿದಿರುತ್ತದೆ. ಬ್ಯಾಂಕಿನಲ್ಲಿಟ್ಟ ಮೂಲಪತ್ರಗಳು 30 ದಿನದೊಳಗೆ ಕೈಗೆ ಬರಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ನಿಯಮ ಮಾಡಿದೆ. ಪತ್ರಗಳನ್ನು ಒಂದೊಂದಾಗಿ ಎಣಿಸಿಕೊಂಡು, ಬಾಕಿ ಇಲ್ಲವೆಂಬ ಪತ್ರ ಪಡೆದು, ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಅಡಮಾನದ ನಮೂದು ತೆಗೆಸಬೇಕು. ಮರೆತರೆ, ಮುಂದೆಂದೋ ಮಗಳ ಮದುವೆಗೋ ಮೊಮ್ಮಗನ ಓದಿಗೋ ಮನೆಯ ಪತ್ರ ಹೊರತೆಗೆದ ದಿನ, ಋಣಭಾರ ಪತ್ರದಲ್ಲಿ ಹಳೆಯ ಸಾಲ ಹಾಗೆಯೇ ನಿಂತಿರುತ್ತದೆ.